ಅಕ್ಕನಿಗೆ ಹೇಳಬೇಕಾಗಿದ್ದ ಮಾತು

ಬಣ್ಣದವನು ಬೆಳಿಗ್ಗೆಯೇ ಏಣಿ ಹೊತ್ತುಕೊಂಡು ಬಂದುಬಿಟ್ಟಿದ್ದ. ಸಂಜೆ ಬಾ ಎಂದು ಫೋನಿನಲ್ಲಿ ಒತ್ತಿ ಒತ್ತಿ ಹೇಳಿದ್ದರೂ ಈ ಜನಕ್ಕೆ ಮಾತು ಕಿವಿಗೇ ಹೋಗುವುದಿಲ್ಲವಲ್ಲ ಎಂದು ಕೇಂದ್ರದ ಮುಖ್ಯಸ್ಥನಾದ ಅವನಿಗೆ ಮೈಯೆಲ್ಲ ಉರಿದುಹೋಯಿತು. ಬಸ್ಸಿಗೆ ಕಾದವರೆಲ್ಲ ನೋಡುತ್ತಿರುವ ಹಾಗೆ ರೇಡಿಯೋ ಕೇಂದ್ರದ ಬೋರ್ಡಿಗೆ ಏಣಿ ಒರಗಿಸಿ, ಕಿವಿಗೊಂದು ಪೆನ್ಸಿಲು ಸಿಕ್ಕಿಸಿಕೊಂಡು, ಆಸಾಮಿ ಹಳೆಯ ಬಣ್ಣವನ್ನು ಪರಪರ ಕೆರೆಯುತ್ತಿದ್ದ. “ಯಾರಪ್ಪಾ ನಿನಗೆ ಈಗ ಹತ್ತು ಅಂದಿದ್ದು? ಇಳಿ ಮೊದಲು.” “ಸಂಜೆ ಬೇರೆ ಕಡೆ ಒಪ್ಕೊಂಡಿದ್ದೀನಿ ಸಾರ್. ಬೆಳಿಗ್ಗೆ ಆದ್ರೇನು, ಸಂಜೆ ಆದ್ರೇನು, ಬೋರ್ಡು ಅದೇ ತಾನೇ?” ಈ ಕಟ್ಟಡದಲ್ಲಿ ಬೋರ್ಡಿಗೆ ಬಣ್ಣ ಬಂತೆಂದರೆ ಯಾರದೋ ಅನ್ನಕ್ಕೆ ಕಲ್ಲು ಬಿತ್ತು ಎಂದೇ ಅರ್ಥ, ಅದು ಬಿದ್ದವರಿಗೆ ಕೊನೆಯಲ್ಲಿ ಗೊತ್ತಾಗಬೇಕು, ಅಂಥದ್ದೊಂದು ನಿಯಮ ನಮ್ಮಲ್ಲಿದೆ, ಆ ನಿಯಮ ಮಾಡಿದ ಪುಣ್ಯಾತ್ಮ ನಾನೇ ಎಂದು ಏಣಿಯ ಮೇಲಿರುವವನಿಗೆ ವಿವರಿಸುತ್ತ ನಿಲ್ಲುವುದಕ್ಕಾಗುತ್ತದೆಯೇ? ಅವನನ್ನು ಹೇಗೋ ಪುಸಲಾಯಿಸಿ, ಹಿಂದುಗಡೆ ಜನರೇಟರಿನ ಪಕ್ಕ ಕೂರಿಸಿ, ಟೀ ತರಿಸಿ ಕೊಟ್ಟು ಬಂದ. ಅಷ್ಟರಲ್ಲಿ ಎರಡು ಅಕ್ಷರ ಕೆರೆದು ಹೋಗಿದ್ದವು.

ಕೆರೆದ ಜಾಗವನ್ನು ನೋಡುತ್ತ ಅವನು ಸ್ವಲ್ಪ ಹೊತ್ತು ಅಲ್ಲೇ ನಿಂತ. ಹಸಿರಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ ನೀಲಿ, ಎಲ್ಲಕ್ಕಿಂತ ಕೆಳಗೆ ತಾನು ಕೆಲಸಕ್ಕೆ ಸೇರಿದ ಕಾಲದ ಹಳದಿ. ಹಳದಿಯ ಕಾಲದಲ್ಲಿ ಇದು ಮನೆಮಂದಿಯ ರೇಡಿಯೋ. ಮೂಟೆಗಟ್ಟಲೆ ಕಾರ್ಡು ಬರುತ್ತಿದ್ದವು, ಒಂದು ಹಾಡಿಗೆ ಇಡೀ ಓಣಿಯವರ ಹೆಸರು ಓದಬೇಕು, ಒಬ್ಬರ ಹೆಸರು ಬಿಟ್ಟರೆ ಮಾರನೆಯ ದಿನ ಅವರು ಕೇಂದ್ರದ ಬಾಗಿಲಲ್ಲಿ ಜಗಳಕ್ಕೆ ಹಾಜರು. ನಡುನಡುವೆ ಸೋಪು, ತಲೆಗೆಣ್ಣೆ, ಹಾಸಿಗೆ ಅಂಗಡಿಯ ಜಾಹೀರಾತುಗಳನ್ನು ತಾವೇ ಹಾಡಿ, ತಾವೇ ನಕ್ಕು, ತಾವೇ ಕೆಮ್ಮಿ ಮುಗಿಸುತ್ತಿದ್ದರು. ನೀಲಿಯಲ್ಲಿ ಫೋನು ಬಂತು, ಕಾರ್ಡು ಹೋಯಿತು, ಕಾರ್ಡುಗಳನ್ನು ವಿಂಗಡಿಸುತ್ತಿದ್ದ ಇಬ್ಬರು ಹೋದರು. ಕೆಂಪಿನಲ್ಲಿ ಕುತ್ತಿಗೆಗೆ ಟೈ ಕಟ್ಟಿದ ಸಲಹೆಗಾರನೊಬ್ಬ ಬಂದು, ಊರು ಕೇಳುವುದು ಇದಿಷ್ಟೇ ಎಂದು ಮುಷ್ಟಿಯಷ್ಟು ಹಾಡು ಆರಿಸಿಕೊಟ್ಟ. ಅವನ್ನೇ ತಿರುವಿ ತಿರುವಿ ಹಾಕಿ ಕಿವಿ ತೂತು ಬಿತ್ತು, ಆದರೂ ಜಾಹೀರಾತು ಹೆಚ್ಚಿತು. ಹಸಿರು ಮಾತಿನ ಕಾಲ. ಡಾಕ್ಟರು ಮಾತಾಡಿದರು, ವಕೀಲರು ಮಾತಾಡಿದರು, ಗಂಡನ ಮೇಲೆ ಹೆಂಡತಿ ದೂರು ಹೇಳಿದಳು, ಯಾರಿಗೋ ಸುಳ್ಳು ಫೋನು ಮಾಡಿ ಹೆದರಿಸಿ ನಗುವ ಹುಡುಗಾಟವೂ ನಡೆಯಿತು. ಅಷ್ಟು ಬಣ್ಣಗಳಲ್ಲೂ ಮಧ್ಯಾಹ್ನದ ಹೊತ್ತು ಮಾತ್ರ ಊರೆಲ್ಲ ಅಕ್ಕ ಎಂದೇ ಕರೆಯುವ ಹಿರಿಯ ನಿರೂಪಕಿಯದೇ ಆಗಿ ಉಳಿದಿತ್ತು. ಇವತ್ತು ಆ ಹೊತ್ತು ಮುಗಿದ ಮೇಲೆ ‘ಮಾತಿಲ್ಲ, ಬರೀ ಹಾಡು’. ಕಂಪ್ಯೂಟರೇ ಹಾಡು ಆರಿಸುತ್ತದೆ, ಕಂಪ್ಯೂಟರೇ ಜಾಹೀರಾತು ಹಾಕುತ್ತದೆ. ಅಕ್ಕನ ಇವತ್ತಿನ ಕಾರ್ಯಕ್ರಮವೇ ಕೊನೆಯದು ಮತ್ತು ಅದು ಅಕ್ಕನಿಗೆ ಗೊತ್ತಿಲ್ಲ.

ಬಸ್ಸಿಳಿದು ಬಂದ ಅಕ್ಕ ಬಾಗಿಲಲ್ಲೇ ಅವನನ್ನು ಹಿಡಿದುಕೊಂಡರು. ವಯಸ್ಸಾಗಿದೆ, ಮಂಡಿ ನೋವು, ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಒಂದು ಬೈಗುಳ. ಆದರೆ ದನಿ ಮಾತ್ರ ಈಗ ತಾನೇ ಮುಖ ತೊಳೆದುಕೊಂಡು ಬಂದ ಹಾಗೆ. “ಏನೋ ತಮ್ಮಾ, ಬೋರ್ಡು ಕೆರ್ದಿದಾರೆ? ಮತ್ತೆ ಬಣ್ಣಾನಾ? ಈ ಸಲ ಯಾರ ಸರದಿ?” ಎಂದು ನಗುತ್ತಲೇ ಕೇಳಿದರು. ಅವನಿಗೆ ಎಲ್ಲಿತ್ತೋ ಅಷ್ಟು ಚುರುಕು, “ಸರದಿನೂ ಇಲ್ಲ ಏನೂ ಇಲ್ಲ ಅಕ್ಕಾ, ಬಿಸಿಲಿಗೆ ಬಣ್ಣ ಹೋಗಿತ್ತು, ಅದಕ್ಕೇ” ಎಂದುಬಿಟ್ಟ. ಅಕ್ಕ ಒಂದು ಗಳಿಗೆ ಅವನ ಮುಖ ನೋಡಿದರು. “ಗಡ್ಡ ಯಾಕೋ ಬೋಳಿಸಿಲ್ಲ? ಮನೇಲಿ ಜಗಳಾನಾ?” “ಇಲ್ಲಕ್ಕಾ.” “ಸುಳ್ಳು ಹೇಳೋಕೂ ಬರಲ್ಲ ನಿನಗೆ” ಎಂದು ಅವನ ಭುಜ ತಟ್ಟಿ ಒಳಗೆ ಹೋದರು. ಸುಳ್ಳು ಹೇಳಲು ಬರುವುದಿಲ್ಲವಂತೆ. ತಟ್ಟಿಸಿಕೊಂಡ ಭುಜ ಬಹಳ ಹೊತ್ತಿನವರೆಗೆ ತನ್ನದಲ್ಲ ಎನಿಸುತ್ತಿತ್ತು.

ಗಾಜಿನ ಆಚೆ ಅಕ್ಕ, ಈಚೆ ಅವನು. ಮುಖ್ಯಸ್ಥನಾದವನು ಇಲ್ಲಿ ಕೂರಬೇಕಾಗಿಲ್ಲ, ಆದರೆ ಇವತ್ತು ಯಂತ್ರ ನೋಡಿಕೊಳ್ಳುವವನಿಗೆ ರಜೆ ಕೊಟ್ಟು ತಾನೇ ಬಂದು ಕೂತಿದ್ದ. ಯಾಕೆ ಕೊಟ್ಟೆ? ಹೇಳುವುದಕ್ಕೋ, ಹೇಳದಂತೆ ಕಾಯುವುದಕ್ಕೋ? ಅವನ ಬಲಗೈ ಬಳಿ ಫೇಡರು ಎನ್ನುವ ಜಾರುಹಿಡಿ, ಮೇಲಕ್ಕೆ ತಳ್ಳಿದರೆ ಅಕ್ಕನ ಮೈಕು ಇಡೀ ಊರಿಗೆ ತೆರೆದುಕೊಂಡು ಬಾಗಿಲ ಮೇಲೆ ಕೆಂಪು ದೀಪ ಹತ್ತುತ್ತದೆ. ಎಡಗೈ ಬಳಿ ಒಂದು ಸಣ್ಣ ಗುಂಡಿ, ಅದನ್ನು ಒತ್ತಿ ಮಾತಾಡಿದರೆ ಅಕ್ಕನ ಕಿವಿಗೆ ಮಾತ್ರ ಕೇಳುತ್ತದೆ. ಹಾಡು ಹೋಗುತ್ತಿರುವಾಗ ಆ ಗುಂಡಿ ಒತ್ತಿ, ‘ಅಕ್ಕಾ, ಇವತ್ತೇ ಕೊನೆ, ಏನಾದರೂ ಹೇಳುವುದಿದ್ದರೆ ಹೇಳಿಬಿಡಿ’ ಎಂದರೆ ಮುಗಿಯಿತು. ಇಷ್ಟು ಹೇಳಲು ಒಂದು ಉಸಿರು ಸಾಕು. ಮೊದಲ ಹಾಡಿನಲ್ಲಿ ಗುಂಡಿ ಒತ್ತಿದ. ಅಕ್ಕ ತಲೆಯೆತ್ತಿ, ಹುಬ್ಬಿನಲ್ಲೇ ಏನು ಎಂದರು. “ನೀರು ಬೇಕಾ ಅಕ್ಕಾ?” ಎಂದ. ಅಕ್ಕ ತಮ್ಮ ಮುಂದೆಯೇ ಇದ್ದ ತುಂಬಿದ ಬಾಟಲಿಯನ್ನು ಎತ್ತಿ ತೋರಿಸಿದರು.

ಇದೇ ಗುಂಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಆಚೆ ಕೂತವನು ಅವನು, ಈಚೆ ಅಕ್ಕ. ಮೊದಲ ದಿನ, ಮೈಕು ತೆರೆದದ್ದೇ ತಡ, ಬರೆದಿಟ್ಟುಕೊಂಡ ಹಾಳೆಯಲ್ಲಿ ಒಂದಕ್ಷರವೂ ಕಾಣುತ್ತಿರಲಿಲ್ಲ, ಊರಿಗೆ ಊರೇ ತನ್ನ ಉಸಿರು ಕೇಳುತ್ತಿದೆ ಎಂದು ಗೊತ್ತಾಗಿ ಉಸಿರನ್ನೂ ಹಿಡಿದುಕೊಂಡಿದ್ದ. ಆಗ ಕಿವಿಯಲ್ಲಿ ಅಕ್ಕ. “ಹೆದರ್ಬೇಡ. ನಾನು ಹೇಳಿದ್ದನ್ನೇ ಹೇಳು.” ಅಕ್ಕ ಒಂದೊಂದೇ ವಾಕ್ಯ ಕೊಟ್ಟರು, ಅವನು ಒಂದೊಂದೇ ವಾಕ್ಯ ಊರಿಗೆ ಒಪ್ಪಿಸಿದ. ಮಾರನೆಯ ದಿನ ಅಂಗಡಿಯಲ್ಲಿ ಯಾರೋ, ಎಷ್ಟು ತಡೆದು ತಡೆದು ಮಾತಾಡ್ತೀರಿ ಸಾರ್, ಒಳ್ಳೇ ತೂಕ ಇದೆ ಎಂದರು. ಆ ತೂಕದ ದನಿಗೆ ಮರುಳಾಗಿಯೇ ಹೆಂಡತಿ ಅವನನ್ನು ಒಪ್ಪಿದ್ದು. ಈಗ ಅವಳೇ, ಅದೇನು ಗೊಣಗ್ತೀರಿ, ಬಾಯಿ ಬಿಟ್ಟು ಹೇಳಿ ಎನ್ನುತ್ತಾಳೆ. ಬೆಳಿಗ್ಗೆಯೂ ಹಾಗೇ ಅಂದಳು. ಅಕ್ಕನ ವಿಷಯ ಎತ್ತೋಣವೆಂದು ಅವನು ಶುರುಮಾಡಿದ್ದ. ಅವಳು ರೇಡಿಯೋದ ಧೂಳು ಒರೆಸುತ್ತ, ಮಧ್ಯಾಹ್ನ ಅಕ್ಕ ಬರದಿದ್ದರೆ ನನಗೆ ಬಟ್ಟೆ ಮಡಚೋಕೇ ಮನಸ್ಸು ಬರಲ್ಲ ನೋಡಿ, ಎಂದಳು. ಅವನು ಚಪ್ಪಲಿ ಮೆಟ್ಟಿದ.

ಫೋನು ಅದುರಿತು. ಚಿಕ್ಕ ಮಾಲೀಕ. ಅಪ್ಪ ತೀರಿಕೊಂಡ ಮೇಲೆ ಕೇಂದ್ರ ಇವನ ಕೈಗೆ ಬಂದಿದೆ, ಮುಖ್ಯಸ್ಥನನ್ನು ಅಂಕಲ್ ಎನ್ನುತ್ತಾನೆ, ಅದರಲ್ಲಿ ಗೌರವ ಎಷ್ಟು, ನಿನ್ನ ಕಾಲವೂ ಮುಗಿಯಿತು ಎನ್ನುವುದು ಎಷ್ಟು ಎಂದು ಅವನಿಗೆ ಇನ್ನೂ ಲೆಕ್ಕ ಸಿಕ್ಕಿಲ್ಲ. “ಅಂಕಲ್, ಕಾರಲ್ಲಿ ಕೇಳ್ತಾ ಇದೀನಿ. ಅವರಿಗೆ ಹೇಳಿಲ್ಲ ತಾನೇ?” “ಇಲ್ಲ.” “ಗುಡ್. ನೀವೇ ಮಾಡಿದ ರೂಲ್ ಅಲ್ವಾ, ಅಪ್ಪ ಯಾವಾಗ್ಲೂ ಹೇಳ್ತಿದ್ರು. ನಿಮಗೆ ಗೊತ್ತಿರೋದನ್ನ ನಾನೇನು ಹೇಳೋದು.” ಹೇಳುವುದೇನೂ ಇಲ್ಲ. ನೆನಪಿಸಿದ್ದೇ ಸಾಕು.

ನಿಯಮಕ್ಕೆ ಕಾರಣ ಬೆಳಗಿನ ಮಾವ. ಊರೆಲ್ಲ ಅವರನ್ನು ಹಾಗೇ ಕರೆಯುತ್ತಿತ್ತು. ಮುಂಜಾನೆ ಊರನ್ನು ಬೈದು ಬೈದು ಎಬ್ಬಿಸುವ ಗೊಗ್ಗರು ದನಿಯ ಮನುಷ್ಯ. ಬೋರ್ಡಿಗೆ ಕೆಂಪು ಬಂದಾಗ ಮಾವನನ್ನು ತೆಗೆಯುವುದೆಂದಾಯಿತು. ಜೊತೆಗೆ ಉಂಡವನು, ತಡೆಯಲಾರದೆ ಅವನು ಹಿಂದಿನ ದಿನವೇ ಮಾವನ ಕಿವಿಗೆ ಹಾಕಿದ. ಮಾವ ಮಾರನೆಯ ದಿನ ಎಂದಿನ ಹಾಗೇ ಬಂದರು, ಎಂದಿನ ಹಾಗೇ ಊರನ್ನು ಎಬ್ಬಿಸಿದರು, ಆಮೇಲೆ ಬೆಣ್ಣೆಯಂಥ ದನಿಯಲ್ಲಿ, “ಇವತ್ತಿಗೆ ನನ್ನ ಕೆಲಸ ಮುಗೀತು. ಇನ್ಮೇಲೆ ನಿಮ್ಮ ಮೆಚ್ಚಿನ ಹಾಡು ಬೇಕಾದ್ರೆ ಈ ನಂಬರಿಗೆ ಫೋನ್ ಮಾಡಿ, ಯಾವ ಹೊತ್ತಲ್ಲಾದ್ರೂ ಮಾಡಿ, ಸಂಕೋಚ ಬೇಡ” ಎಂದು ದೊಡ್ಡ ಮಾಲೀಕರ ಮನೆಯ ನಂಬರನ್ನು ನಿಧಾನಕ್ಕೆ, ಬರೆದುಕೊಳ್ಳಲು ಬಿಡುವು ಕೊಟ್ಟು, ಎರಡು ಸಲ ಓದಿದರು. ಊರು ಸುಮ್ಮನಿರುತ್ತದೆಯೇ? ಮಾಲೀಕರ ಮನೆಯಲ್ಲಿ ಫೋನು ಕೆಳಗಿಡಲು ಬಿಡುವಿಲ್ಲ. ಯಾರು ಹೇಳಿದ್ದು ಎಂದು ಪತ್ತೆಯಾಗಲು ಎಷ್ಟು ಹೊತ್ತು? ಶಿಕ್ಷೆಯಾಗಿ ಅವನನ್ನೇ ಕರೆಸಿ, ನಡುಮನೆಯಲ್ಲಿ ಚಪ್ಪಲಿ ಬಿಡುವ ಜಾಗದ ಪಕ್ಕ ಒಂದು ಸ್ಟೂಲು ಹಾಕಿ, ಬಂದ ಫೋನಿಗೆಲ್ಲ ರಾಂಗ್ ನಂಬರ್ ಎನ್ನಲು ಕೂರಿಸಿದರು. ಮನೆಯವರು ಅವನನ್ನು ದಾಟಿಕೊಂಡು ಊಟಕ್ಕೆ ಹೋಗುತ್ತಿದ್ದರು, ದಾಟಿಕೊಂಡು ಬರುತ್ತಿದ್ದರು. ಒಬ್ಬಳು ಹೆಂಗಸು, ಗಂಡನಿಗೆ ಮೈ ಹುಷಾರಿಲ್ಲ, ಒಂದು ಹಳೇ ಹಾಡು ಹಾಕಿ ಎಂದಳು. ರಾಂಗ್ ನಂಬರ್ ಎಂದ. “ಅಯ್ಯೋ, ನೀವು ಸಂಜೆ ಬರ್ತೀರಲ್ಲ, ಅವರೇ ಅಲ್ವಾ? ನಿಮ್ಮ ದನಿ ನನಗೆ ಗೊತ್ತಾಗಲ್ವಾ?” ಅಲ್ಲ ಎಂದ. ನಾನು ಅವನಲ್ಲ ಎಂದು ಹೇಳಿ ಫೋನಿಟ್ಟ.

ಆ ಸ್ಟೂಲಿನ ಮೇಲೆ ಕೂತಾಗಲೇ ನಿಯಮ ಹೊಳೆದದ್ದು. ಇನ್ನು ಯಾರಿಗೂ ಮೊದಲೇ ಹೇಳುವುದು ಬೇಡ, ಕಾರ್ಯಕ್ರಮ ಮುಗಿದು ಮೈಕು ಮುಚ್ಚಿದ ಮೇಲೆ ಹೇಳೋಣ ಸಾರ್, ಆಮೇಲೆ ಅವರು ಎಷ್ಟು ಕೂಗಾಡಿದರೂ ಗೋಡೆಗಳಿಗೇ ತಾನೇ ಕೇಳುವುದು. ದೊಡ್ಡ ಮಾಲೀಕರು ಬಹಳ ದಿನದ ಮೇಲೆ ಅವನ ಮುಖ ನೋಡಿ, ಪರವಾಗಿಲ್ಲ, ತಲೆ ಇದೆ ನಿನಗೆ ಎಂದರು. ಮುಖ್ಯಸ್ಥನ ಕುರ್ಚಿಗೆ ಅಲ್ಲಿಂದಲೇ ದಾರಿ. ಕುರ್ಚಿ ಸಿಕ್ಕಿದ ದಿನ ಅವನ ಸಂಜೆಯ ಕಾರ್ಯಕ್ರಮವೂ ಹೋಯಿತು, ತನ್ನ ನಿಯಮದಂತೆ ತಾನೂ ಏನೂ ಹೇಳದೆ ಎದ್ದುಬಂದ. ಊರು ತನ್ನನ್ನು ಹುಡುಕೀತು ಎಂದು ಒಳಗೊಳಗೇ ಕಾದಿದ್ದ. ಕ್ಷೌರದಂಗಡಿಯವನೊಬ್ಬ, ಏನ್ ಸಾರ್, ಊರಲ್ಲಿರಲಿಲ್ವಾ ಎಂದು ಕೇಳಿದ್ದು ಬಿಟ್ಟರೆ ಮತ್ತೇನಿಲ್ಲ. ಆಗಲೂ ಅಕ್ಕ ಮಾತ್ರ ಅವನ ಮೇಜಿನ ಅಂಚಿಗೆ ಒರಗಿ, “ನನಗೂ ಹೀಗೇ ಮಾಡ್ತೀಯೇನೋ ತಮ್ಮಾ?” ಎಂದಿದ್ದರು. “ಛೆ, ನಿಮಗ್ಯಾಕೆ ಅಕ್ಕಾ? ನೀವಿಲ್ಲದೆ ಈ ಕೇಂದ್ರ ಎಲ್ಲಿ?” ಎಂದಿದ್ದ. ಹಾಗೆಂದಾಗ ಅದು ಸುಳ್ಳಾಗಿರಲಿಲ್ಲ, ಅದೇ ಅವನಿಗೆ ಈಗ ಹೆಚ್ಚು ನೋವು.

“ಅಕ್ಕಾ, ಮುಂದಿನ ಹಾಡು ಚಿಕ್ಕದು, ಬೇಗ ಮುಗಿಯುತ್ತೆ.” ಎರಡನೆಯ ಸಲ ಗುಂಡಿ ಒತ್ತಿದಾಗ ಹೊರಟದ್ದು ಇದು. “ಗೊತ್ತೋ, ನೀನು ಹುಟ್ಟೋಕೆ ಮುಂಚಿಂದ ಹಾಕ್ತಿದೀನಿ ಅದನ್ನ” ಎಂದರು ಅಕ್ಕ. ಫೋನುಗಳು ಬಂದವು. ಒಬ್ಬ ಟೈಲರು, ಹೊಲಿಗೆ ಯಂತ್ರ ತುಳಿಯುತ್ತಲೇ ಮಾತಾಡುವವನು, ನಿಮ್ಮ ಹರಟೆ ಕೇಳ್ತಾ ಕೇಳ್ತಾ ಒಂದು ತೋಳು ಉದ್ದ ಒಂದು ತೋಳು ಗಿಡ್ಡ ಹೊಲಿದೆ ಅಕ್ಕಾ, ಗಿರಾಕಿ ಬಂದು ಕೂತಿದಾನೆ, ನೀವೇ ಸಮಾಧಾನ ಹೇಳಿ ಎಂದ. ಅಕ್ಕ ಗಿರಾಕಿಯ ಹತ್ತಿರವೂ ಮಾತಾಡಿ, ಗಿಡ್ಡ ತೋಳಿನ ಕೈಯಲ್ಲಿ ಗಡಿಯಾರ ಕಟ್ಟಿಕೊಳ್ಳಿ, ನಾಲ್ಕು ಜನಕ್ಕೆ ಕಾಣುತ್ತೆ ಎಂದು ನಗಿಸಿದರು. ಇನ್ನೊಂದು ಫೋನು ಏನೂ ಹೇಳದೆ ಸುಮ್ಮನಿತ್ತು. ವಾರದಲ್ಲಿ ಎರಡು ದಿನವಾದರೂ ಹೀಗೆ ಬರುತ್ತದೆ, ಬರೀ ಉಸಿರು. ಬೇರೆಯವರಾದರೆ ಕತ್ತರಿಸುತ್ತಿದ್ದರು. ಅಕ್ಕ, “ಊಟ ಆಯ್ತಾ? ಆಯ್ತು ಅಂದ್ಕೋತೀನಿ. ನಿಮಗೆ ಅಂತ ಈ ಹಾಡು” ಎಂದು ಹಾಡು ಹಾಕಿದರು. ಅವನು ಗಾಜಿನ ಮೂಲಕ ಅಕ್ಕನನ್ನೇ ನೋಡುತ್ತಿದ್ದ. ನಾಳೆ ಈ ಹೊತ್ತಿಗೆ ಆ ಉಸಿರು ಫೋನು ಮಾಡುತ್ತದೆ. ಯಾರೂ ಎತ್ತುವುದಿಲ್ಲ, ಅದು ಇನ್ನೂ ಸ್ವಲ್ಪ ಹೊತ್ತು ಕಾದು ಕೂತಿರುತ್ತದೆ.

ಮೂರನೆಯ ಸಲ ಒತ್ತಿದಾಗ ಹೇಳಿಯೇಬಿಡುತ್ತೇನೆ ಎಂದುಕೊಂಡಿದ್ದ. ಕೊನೆಯ ಹಾಡು ಹೋಗುತ್ತಿತ್ತು. ಅಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ ಅವನ ಕಡೆ ತಿರುಗಿ, “ಏನೋ ಇದೆ ನಿನಗೆ ಇವತ್ತು. ಹೇಳು” ಎಂದರು. ಅವರೇ ಬಾಗಿಲು ತೆರೆದುಕೊಟ್ಟಿದ್ದರು. ಅವನ ಕಣ್ಣ ಮುಂದೆ ಬಂದದ್ದು ಆ ಸ್ಟೂಲು, ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳು, ಕಾರಿನಲ್ಲಿ ಕಿವಿ ನೆಟ್ಟು ಕೂತ ಚಿಕ್ಕ ಮಾಲೀಕ. “ಹಾಸಿಗೆ ಅಂಗಡಿ ಜಾಹೀರಾತು ಒಂದು ಬಿಟ್ಟೋಗಿದೆ ಅಕ್ಕಾ” ಎಂದ. ಅಕ್ಕ ಮುಖ ಆಚೆ ತಿರುಗಿಸಿ ಕನ್ನಡಕ ಹಾಕಿಕೊಂಡರು. ಹಾಡು ಮುಗಿಯಿತು, ಹಾಸಿಗೆ ಅಂಗಡಿಯನ್ನು ಹೊಗಳಿದರು, ನಾಳೆ ಇದೇ ಹೊತ್ತಿಗೆ ಸಿಗೋಣ ಎಂದರು. ಅವನು ಫೇಡರು ಕೆಳಗೆ ಎಳೆದ. ಕೆಂಪು ದೀಪ ಆರಿತು, ಕಂಪ್ಯೂಟರು ತನ್ನ ಪಾಡಿಗೆ ಹಾಡಲು ಶುರುಮಾಡಿತು.

ಹೇಳಿದ್ದು ಗಾಜಿನ ಆಚೆ ಹೋಗಿ, ನಿಂತುಕೊಂಡು, ನೆಲ ನೋಡುತ್ತ. ಅಕ್ಕ ಚೀಲದ ಬಾಯಿ ಕಟ್ಟುತ್ತಿದ್ದವರು ನಿಲ್ಲಿಸಿದರು. ಕೂಗಾಡಬಹುದು ಎಂದುಕೊಂಡಿದ್ದ, ಗೋಡೆಗಳೂ ತಯಾರಾಗಿದ್ದವು. “ಇವತ್ತೇನಾ?” ಎಂದರು. “ಹೂಂ.” “ಈಗ ಮುಗಿದಿದ್ದೇನಾ?” “ಹೂಂ ಅಕ್ಕಾ.” ಅಕ್ಕ ಮೈಕಿನ ಕಡೆ ತಿರುಗಿದರು. “ನಾಳೆ ಸಿಗೋಣ ಅಂದ್ನಲ್ಲೋ ಅವರಿಗೆ” ಎಂದರು. ಆಮೇಲೆ, ಬಹಳ ಮೆತ್ತಗೆ, “ನಾನೂ ನಂಬರ್ ಓದ್ತೀನಿ ಅಂದ್ಕೊಂಡ್ಯಾ?” ಎಂದು ಕೇಳಿದರು. ಇಲ್ಲ ಎನ್ನಲು ಹೋದ. ಆದರೆ ಇಲ್ಲವೆಂದಾದರೆ ಹೇಳದಿದ್ದುದಕ್ಕೆ ಇನ್ನೇನು ಕಾರಣ ಕೊಡುವುದು? ಹೌದೆಂದರೆ ಅಷ್ಟು ವರ್ಷದ ತಮ್ಮ ಎನ್ನುವ ಮಾತು ಎಲ್ಲಿ ಹೋಗಿ ಬೀಳಬೇಕು? “ಹೋಗಿ ಆಚೆ ಕೂತ್ಕೋ” ಎಂದರು ಅಕ್ಕ. “ಏನು ಹೇಳ್ತಿದ್ದೆ ಅಂತ ನೀನಾದ್ರೂ ಕೇಳು.”

ಹೋಗಿ ಕೂತ. ಹೆಡ್‌ಫೋನು ಹಾಕಿಕೊಂಡ. ಊರಿಗೆ ಕಂಪ್ಯೂಟರಿನ ಹಾಡು ಹೋಗುತ್ತಿತ್ತು, ಅಕ್ಕನ ಮೈಕು ಅವನ ಕಿವಿಗೆ ಮಾತ್ರ ಬರುತ್ತಿತ್ತು. ಅಕ್ಕ ಒಂದು ಗುಟುಕು ನೀರು ಕುಡಿದು, ಬೆನ್ನು ನೆಟ್ಟಗೆ ಮಾಡಿ, ಎಂದಿನ ಹಾಗೇ ಮೈಕಿಗೆ ಹತ್ತಿರ ಬಂದರು. “ಇವತ್ತಿಗೆ ನಾನು ಹೊರಟೆ. ಬೇಜಾರಿಲ್ಲ, ಮಂಡಿ ನೋವಿಗೆ ಮೆಟ್ಟಿಲು ತಪ್ಪಿತು. ಟೈಲರಪ್ಪಾ, ಇನ್ಮೇಲೆ ನಿನ್ನ ಎರಡು ತೋಳೂ ಒಂದೇ ಅಳತೆಗೆ ಬರುತ್ತೆ, ನಿನ್ನ ಗಿರಾಕಿಗಳು ನನಗೆ ಹರಸಬೇಕು. ಮಾತಾಡದೆ ಫೋನ್ ಮಾಡ್ತಿದ್ದವರೇ, ಉಸಿರಲ್ಲೇ ನಿಮ್ಮನ್ನ ಗುರುತು ಹಿಡೀತಿದ್ದೆ. ನಾಳೆಯಿಂದ ಯಾರೂ ಎತ್ತಲ್ಲ, ಕಾಯಬೇಡಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ.” ಅವನ ಬಲಗೈ ಫೇಡರಿನ ಮೇಲಿತ್ತು. ಯಾವಾಗ ಹೋಗಿ ಕೂತಿತೋ ತಿಳಿಯದು. ತಳ್ಳಿದರೆ ಏನಾಗುತ್ತದೆ? ಒಂದು ಹಾಡು ತಗ್ಗಿ ಒಂದು ದನಿ ಬರುತ್ತದೆ, ಟೈಲರು ಯಂತ್ರ ತುಳಿಯುವುದನ್ನು ನಿಲ್ಲಿಸುತ್ತಾನೆ, ಮನೆಯಲ್ಲಿ ತನ್ನ ಹೆಂಡತಿ ಮಡಚುತ್ತಿರುವ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ. ನಾಳೆ ಚಿಕ್ಕ ಮಾಲೀಕ, ಅಂಕಲ್, ನೀವೂ ಮನೆಗೆ ಹೋಗಿ ಎನ್ನುತ್ತಾನೆ. ಅಷ್ಟೇ, ಅದಕ್ಕಿಂತ ಹೆಚ್ಚಿಗೆ ಏನೂ ಆಗುವುದಿಲ್ಲ. ಒಂದು ಅಂಗುಲದ ಕೆಲಸ.

“ಗಾಜಿನ ಆಚೆ ಒಬ್ಬ ಇದ್ದಾನೆ. ನಿಮಗೆ ಅವನ ದನಿ ಮರೆತುಹೋಗಿರಬಹುದು, ಮೊದಲು ಸಂಜೆ ಬರ್ತಿದ್ದ. ನಾನು ಎಡವಿದಾಗೆಲ್ಲ ಹಾಡು ಹಾಕಿ ಮಾನ ಉಳಿಸಿದವನು. ನನ್ನ ತಮ್ಮ ಅಂದ್ಕೊಳ್ಳಿ” ಎಂದರು ಅಕ್ಕ. ಆ ಮಾತಿಗೆ ಅವರ ದನಿ ಸ್ವಲ್ಪ ಇಳಿಯಿತು. ಅವನ ಕೈ, ಅಷ್ಟು ವರ್ಷದ ಅಭ್ಯಾಸದಿಂದ, ಫೇಡರನ್ನು ಬಿಟ್ಟು ಪಕ್ಕದ ತಿರುಗುಗುಂಡಿಗೆ ಹೋಗಿ, ಇಳಿದ ದನಿಯನ್ನು ಅಷ್ಟೇ ಅಷ್ಟು ಏರಿಸಿ ಸರಿಮಾಡಿತು, ತನ್ನೊಬ್ಬನ ಕಿವಿಗೆ. ಅಕ್ಕ ಒಮ್ಮೆ ತಲೆಯೆತ್ತಿ ಬಾಗಿಲ ಮೇಲಿನ ದೀಪ ನೋಡಿದರು. ನೋಡಿದ್ದನ್ನು ಅವನೂ ನೋಡಿದ. ದೀಪ ಹತ್ತಿರಲಿಲ್ಲ. ಅವರು ಮತ್ತೆ ಮೈಕಿನ ಕಡೆ ಬಾಗಿ, ಅರ್ಧಕ್ಕೆ ಬಿಡದೆ, ಒಬ್ಬರನ್ನೂ ಬಿಡದೆ, ಆಸ್ಪತ್ರೆಯಲ್ಲಿ ಮಲಗಿರುವವರು, ಬಸ್ಸಿನ ಡ್ರೈವರುಗಳು, ಅಡುಗೆಮನೆಯವರು ಎಲ್ಲರಿಗೂ ಹೋಗಿ ಬರುತ್ತೇನೆ ಎಂದು ಹೇಳಿ ಮುಗಿಸಿದರು. ಹೆಡ್‌ಫೋನು ತೆಗೆಯುವ ಮುಂಚೆ, ಯಾವ ರೆಕಾರ್ಡಿಂಗ್ ಮುಗಿದಾಗಲೂ ಕೇಳುವ ಹಾಗೆಯೇ ಗಾಜಿನ ಮೂಲಕ ಅವನನ್ನು ಕೇಳಿದರು.

“ಸರಿಯಾಗಿ ಬಂತಾ?”

ಅವನು ಎಡಗೈಯಿಂದ ಗುಂಡಿ ಒತ್ತಿದ.

“ಬಂತು ಅಕ್ಕಾ” ಎಂದ.